ಒಂದು ಗಂಟೆ ತಡವಾಗಿ ಏರಿದ ನೀರು

ರಿವೇರಾ
11 ಅಕ್ಟೋಬರ್ 2008, ಶನಿವಾರ

ನನ್ನ ಅಮ್ಮಾ,

ಮೊದಲು ಗೆದ್ದ ಸುದ್ದಿ ಹೇಳಿಬಿಡುತ್ತೇನೆ, ಬೈಯುವುದನ್ನು ಆಮೇಲೆ ಬೈಯುವೆಯಂತೆ. ಗಡಿಬೀದಿಯ ಆಚೆ ಬ್ರೆಜಿಲಿನವರು ಹೊಸ ಕೊಳವೆ ಬಾವಿ ಕೊರೆಯುವುದಿಲ್ಲ, ಈಚೆ ಉರುಗ್ವೆಯ ನಾವೂ ಕೊರೆಯುವುದಿಲ್ಲ. ನಿನ್ನೆ ಎರಡೂ ಊರಿನವರು ಒಂದೇ ಮೇಜಿನ ಮೇಲೆ ರುಜು ಹಾಕಿದರು. ಆ ಕಾಗದದಲ್ಲಿರುವ ಅಂಕಿಗಳಲ್ಲಿ ಅರ್ಧ ನಿನ್ನ ಮಗಳು ಅಳೆದದ್ದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅರ್ಧಕ್ಕೇ ತಡೆದು ಮಗು ಹಾಲು ಕುಡಿಯಿತೇ ಎಂದು ಕೇಳುತ್ತೀಯೆ. ಕುಡಿಯುತ್ತಿದ್ದಾಳೆ. ಅನಾಹಿಗೆ ಐದು ತಿಂಗಳು ತುಂಬಿತು, ಹಲ್ಲು ಬರುತ್ತಿದೆ. ನಿದ್ದೆ ಮಾತ್ರ ಅವಳಿಗೂ ಇಲ್ಲ, ನನಗೂ ಇಲ್ಲ.

ಅವಳಿಗೆ ವರ್ಷ ತುಂಬುವವರೆಗೆ ಕೆಲಸಕ್ಕೆ ಹೋಗಬೇಡ ಎಂದು ನೀನು ಹೇಳಿದ್ದೆ. ನಾನು ಹೋದೆ. ನೀರಿನ ಕಚೇರಿಯ ನನ್ನ ಗುತ್ತಿಗೆ ಡಿಸೆಂಬರಿಗೆ ಮುಗಿಯುತ್ತದೆ. ಮನೆಯಲ್ಲಿ ಕೂತರೆ ಅದು ಮತ್ತೆ ಸಿಗುವುದಿಲ್ಲ ಎಂಬ ಭಯ ನನ್ನದು.

ಕಳೆದ ಬೇಸಿಗೆ ನಿನಗೆ ನೆನಪಿದೆಯಲ್ಲ, ನಮ್ಮ ಬಾವಿಗಳು ಇಳಿದು ನಲ್ಲಿಗಳು ಮೂರು ವಾರ ಬರೀ ಕೆಮ್ಮಿದವು. ಆಚೆಯವರದೂ ಅದೇ ಪಾಡು. ನಮ್ಮವರು ಅವರನ್ನು ದೂರಿದರು, ಅವರು ನಮ್ಮನ್ನು. ಇಬ್ಬರೂ ಇನ್ನಷ್ಟು ಆಳಕ್ಕೆ ಕೊರೆಯಲು ಯಂತ್ರ ಗೊತ್ತುಮಾಡಿಯೂ ಆಗಿತ್ತು. ಆಚೆಯ ಪಂಪ್‌ಮನೆ ನೋಡಿಕೊಳ್ಳುವ ದೊರ್ವಾಲಿನೊ ಮಾವನಂತೂ ಸಭೆಯಲ್ಲಿ ಮಾಟೆ ಕಷಾಯ ಹೀರುತ್ತಾ, "ನಮ್ಮ ನೀರು ನಮ್ದು, ನಿಮ್ಮ ನೀರು ನಿಮ್ದು. ಹೆಂಡ್ತಿ ಒಬ್ಳೇ ಆದ್ರೂ ಅತ್ತೆ ಬೇರೆ ಅಲ್ವಾ, ಹಂಗೆ," ಎಂದು ಎಲ್ಲರನ್ನೂ ನಗಿಸಿದ್ದ. ಅರ್ಥ ಯಾರಿಗೂ ಆಗಲಿಲ್ಲ, ಆದರೂ ಚಪ್ಪಾಳೆ ಬಿತ್ತು.

ಕೊನೆಗೆ ಎರಡೂ ಕಡೆಯ ಸಮಿತಿ ಒಂದು ಪರೀಕ್ಷೆಗೆ ಒಪ್ಪಿತು. ಗುರುವಾರ ಮಧ್ಯಾಹ್ನ, ಊರಿಗೆ ಊರೇ ಊಟ ಮಾಡಿ ಮಲಗಿರುವಾಗ, ಎರಡು ಗಂಟೆಗೆ ಬೀದಿಯ ಎರಡೂ ಬದಿಯ ಪಂಪುಗಳನ್ನು ಒಟ್ಟಿಗೆ ನಿಲ್ಲಿಸಿ ನೀರು ಎಷ್ಟು ಏರುತ್ತದೆಂದು ಅಳೆಯುವುದು. ಸಮಿತಿಯ ಹೆಸರಿನಲ್ಲಿ ಸೂಚನೆ ಬರೆದು ಇಬ್ಬರಿಗೂ ಕಳಿಸಿದವಳು ನಾನು.

ಅಮ್ಮಾ, ಹೋದ ಭಾನುವಾರ ನಾವು ವರ್ಷಾ ವರ್ಷಾ ಬೇಸಿಗೆಗೆ ಮಾಡುವಂತೆ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಿರುಗಿಸಿದೆವು. ಬ್ರೆಜಿಲಿನವರು ತಿರುಗಿಸುವುದು ಹತ್ತೊಂಬತ್ತರ ಭಾನುವಾರ. ಇಂಥ ದಿನಗಳಲ್ಲಿ ಬೀದಿ ದಾಟಿದರೆ ಗಂಟೆಯೇ ಬೇರೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವವರೂ "ನಮ್ಮ ಎರಡೋ, ಅವ್ರ ಎರಡೋ" ಎಂದು ಕೇಳಿಕೊಂಡೇ ಹೊರಡುತ್ತಾರೆ. ನಾನು ಬರೀ "ಎರಡು ಗಂಟೆಗೆ" ಎಂದು ಬರೆದೆ. ಮಗು ಮಡಿಲಲ್ಲಿ ಅಳುತ್ತಿತ್ತು ಎಂಬುದು ನೆಪ.

ಗುರುವಾರ ನಮ್ಮ ಎರಡಕ್ಕೆ ನಮ್ಮ ಪಂಪುಗಳು ನಿಂತವು. ಬಾವಿಯ ಕೊಳವೆಯೊಳಗೆ ಅಳತೆ ಟೇಪು ಇಳಿಬಿಟ್ಟು ಐದೈದು ನಿಮಿಷಕ್ಕೆ ಬರೆದುಕೊಂಡೆ. ನೀರು ಏರಿತು; ಎರಡೂವರೆ ಹೊತ್ತಿಗೆ ನಿಂತುಬಿಟ್ಟಿತು. ಮಲಗಿದ ಊರಿನ ಮೌನದಲ್ಲಿ ಬೀದಿಯಾಚೆಯ ಪಂಪ್‌ಮನೆಯ ಗುಂಯ್‌ಗುಟ್ಟುವಿಕೆ ಕೇಳಿಸುತ್ತಿತ್ತು. ನಮ್ಮ ಇಂಜಿನಿಯರ್ ಬೆರುಟಿ ಅವರ ಮುಖ ಕೆಂಪಾಯಿತು. "ನೋಡಿದ್ಯಾ, ನಿಲ್ಲಿಸೇ ಇಲ್ಲ. ಇಂಥವ್ರ ಜೊತೆ ಏನ್ ಒಪ್ಪಂದ," ಎಂದರು. ನನಗೆ ಆಗ ಹೊಳೆಯಿತು, ಅವರ ಗಡಿಯಾರದಲ್ಲಿ ಇನ್ನೂ ಒಂದೂವರೆ. ತಪ್ಪು ನನ್ನದೆಂದು ಹೇಳುವ ಬದಲು ತಲೆ ತಗ್ಗಿಸಿ ಟೇಪು ಇಳಿಸಿದೆ, ಬರೆದೆ, ಇಳಿಸಿದೆ, ಬರೆದೆ. ಅದು ಶ್ರದ್ಧೆಯಲ್ಲ, ನಾಚಿಕೆ.

ಸರಿಯಾಗಿ ಮೂರಕ್ಕೆ ಆಚೆಯ ಸದ್ದು ನಿಂತಿತು. ಮೂರೂ ಹತ್ತಕ್ಕೆ ನಮ್ಮ ನೀರು ಮತ್ತೆ ಏರತೊಡಗಿತು. ನಾವು ಏನನ್ನೂ ಮುಟ್ಟಿರಲಿಲ್ಲ. ಮೂರೂವರೆಗೆ ಎರಡು ಗೇಣು ಮೇಲೆ ಬಂದಿತ್ತು.

ನಿನ್ನೆ ಸಭೆಯಲ್ಲಿ ಬೆರುಟಿ ಜಗಳಕ್ಕೆ ಬಾಯಿ ತೆರೆಯುವ ಮೊದಲೇ ದೊರ್ವಾಲಿನೊ ಮಾವ ಎದ್ದು ನಿಂತ. ಎಣ್ಣೆ ಕಲೆಯ ತನ್ನ ನೋಟುಬುಕ್ಕು ತೆರೆದು, "ನಮ್ಮ ಗಡಿಯಾರದಲ್ಲಿ ಒಂದು ಗಂಟೆ. ನನ್ನ ಪಂಪ್ ಓಡ್ತಾನೇ ಇದೆ, ಬಾವೀಲಿ ನೀರು ಮಾತ್ರ ಮೇಲಕ್ ಬರ್ತಿದೆ. ಅಳತೆ ಕೆಟ್ಟೋಯ್ತು ಅಂತ ಟೇಪಿಗೆ ಎರಡು ಏಟು ಕೊಟ್ಟೆ," ಎಂದ. ನನ್ನ ಹಾಳೆಯನ್ನು ಅವನ ಪುಸ್ತಕದ ಪಕ್ಕಕ್ಕೆ ತಳ್ಳಿದೆ. ಅವನ ಒಂದು ಗಂಟೆಯೇ ನಮ್ಮ ಎರಡು. ಅವನು ಸಾಲಿನ ಮೇಲೆ ಬೆರಳಿಟ್ಟು ಎರಡನ್ನೂ ಓದಿದ, ಮತ್ತೊಮ್ಮೆ ಓದಿದ.

"ನಾನು ನಿಲ್ಸಿದ್ರೆ ಇವ್ಳ ಬಾವಿ ಏರತ್ತೆ, ಇವ್ಳು ನಿಲ್ಸಿದ್ರೆ ನಂದು. ಇಷ್ಟು ವರ್ಷ ಒಂದೇ ಹಂಡೆಗೆ ಎರಡು ಕಡೆಯಿಂದ ತಂಬಿಗೆ ಹಾಕ್ಕೊಂಡು ಬೈದಾಡ್ತಿದ್ವಲ್ರಪ್ಪ."

ಯಾರೂ ನಗಲಿಲ್ಲ. ಒಟ್ಟಿಗೆ ನಿಲ್ಲಿಸಿದ್ದರೆ ಇಬ್ಬರ ಬಾವಿಯೂ ಏರುತ್ತಿತ್ತು, ಇಬ್ಬರೂ ತಮ್ಮ ಪಂಪು ನಿಂತಿದ್ದಕ್ಕೇ ಎಂದುಕೊಂಡು ಮನೆಗೆ ಹೋಗುತ್ತಿದ್ದರು. ಸಂಜೆಯೊಳಗೆ ಎಲ್ಲ ತೀರ್ಮಾನವಾಯಿತು. ಬೀದಿಯ ಎರಡೂ ಬದಿಯ ಪಂಪುಗಳು ಸರದಿಯ ಮೇಲೆ ಓಡುತ್ತವೆ. ಲೆಕ್ಕಕ್ಕೆ ಒಂದೇ ಪುಸ್ತಕ. ಒಬ್ಬರು ಕೊರೆಯಬೇಕಾದರೆ ಇನ್ನೊಬ್ಬರು ಒಪ್ಪಬೇಕು.

ರುಜುವಿಗೆ ಮೊದಲು ಬೆರುಟಿ ನನ್ನನ್ನು ಬಾಗಿಲ ಬಳಿಗೆ ಕರೆದರು. ಒಂದು ಗಂಟೆಯ ಅಂತರ ಬೇಕೆಂದೇ ಇಟ್ಟದ್ದು, "ಯೋಜನೆಯಂತೆ" ಎಂದು ವರದಿಯಲ್ಲಿ ಬರೆದಿರುವುದಾಗಿಯೂ, ನಾನು ಸುಮ್ಮನಿದ್ದರೆ ಡಿಸೆಂಬರಿಗೆ ಗುತ್ತಿಗೆ ಮುಗಿಯುವ ಚಿಂತೆ ಇರುವುದಿಲ್ಲವೆಂದೂ ಮೆಲ್ಲಗೆ ಹೇಳಿದರು.

ಅನಾಹಿ ಎದ್ದಳು. ಅಪ್ಪನಿಗೆ ಈ ಪತ್ರ ಓದಿ ಹೇಳು.

ನೀನು ಬೇಡವೆಂದರೂ ಹೋದ ನಿನ್ನ
ಮಾಗೆಲಾ

ತಾ.ಕ.: ನಾನು ಸುಮ್ಮನಿರಲಿಲ್ಲ. ಪೆನ್ನು ತೆಗೆದುಕೊಂಡು ವರದಿಯ "ಯೋಜನೆಯಂತೆ" ಎಂಬುದನ್ನು ಹೊಡೆದುಹಾಕಿ, "ಸೂಚನೆ ಬರೆದ ಮಾಗೆಲಾ ಸೋರಿಯಾಳ ತಪ್ಪಿನಿಂದ" ಎಂದು ಬರೆದು ಮೇಜಿನ ಮೇಲಿಟ್ಟೆ. ದೊರ್ವಾಲಿನೊ ಮಾವ ಅದನ್ನು ಗಟ್ಟಿಯಾಗಿ ಓದಿ, "ಹಂಗಾದ್ರೆ ವರ್ಷಾ ವರ್ಷಾ ಇದೇ ತಪ್ಪು ಮಾಡ್ಬೇಕು, ಇವ್ಳೇ ಮಾಡ್ಬೇಕು. ಬೇರೆಯವ್ರು ಸರಿಯಾಗಿ ಬರೆದುಬಿಟ್ರೆ ಕಷ್ಟ," ಎಂದ. ಒಪ್ಪಂದದ ಒಂಬತ್ತನೇ ಕಲಮು ಈಗ ಅದೇ: ವರ್ಷಕ್ಕೊಮ್ಮೆ ಒಂದು ಗಂಟೆಯ ಅಂತರದಲ್ಲಿ ಪಂಪು ನಿಲ್ಲಿಸಿ ನೀರು ಅಳೆಯುವುದು, ಸೂಚನೆ ಬರೆಯುವವಳು ನಾನೇ, ನನ್ನ ಹೆಸರಿನ ಸಮೇತ, ಎರಡೂ ದೇಶದವರ ರುಜುವಿನೊಂದಿಗೆ.