ದೀವಟಗಿ ಮನೆತನದವರು

ವಿಶಾಖಪಟ್ಟಣ, ಗುರುವಾರ, ನವೆಂಬರ್ 13

ದೀವಟಗಿ ಎಂಬ ಅಡ್ಡಹೆಸರಿನ ಮನೆಗಳು ನಮ್ಮೂರಲ್ಲಿ ಈಗ ಎರಡೇ ಉಳಿದಿವೆ. ಧಾರವಾಡದಿಂದ ತಮ್ಮ ಬಸವಂತ ಫೋನಿನಲ್ಲಿ ತಿಳಿಸಿದ. ಹಿರಿಯರನ್ನು ಕೇಳಿ ಅರ್ಥವನ್ನೂ ಹೇಳಿದ. ದೇಸಾಯರ ಪಲ್ಲಕ್ಕಿಯ ಮುಂದೆ ದೀವಟಿಗೆ ಹಿಡಿದು ನಡೆಯುತ್ತಿದ್ದ ಆಳುಗಳ ವಂಶ ನಮ್ಮದು.

ಮಗಳು ಅರ್ಪಿತಾಳಿಗೆ ವಿಜಯವಾಡದ ಸಂಬಂಧ ಬಂದಿದೆ. ಹುಡುಗನ ತಾಯಿ ಅನಸೂಯಮ್ಮ ನಿನ್ನೆ, “ಈ ಇಂಟಿಪೇರು ಎಪ್ಪುಡೂ ವಿನಲೇದಂಡಿ, ಜಮೀಂದಾರುಲಾ?” ಎಂದರು. ಈ ಮನೆತನದ ಹೆಸರು ಎಂದೂ ಕೇಳಿಲ್ಲ, ಜಮೀನ್ದಾರರೇ ಎಂದು ಅವರ ಪ್ರಶ್ನೆ. ವಿಚಾರಿಸಿ ಹೇಳುವೆ ಎಂದುಬಿಟ್ಟೆ.

“ದೇಸಗತಿ ಮನಿತನ, ದೇಸಾಯರ ಪೈಕಿನ ನಾವು ಅಂತ ಹೇಳಿಬಿಡೋ ಅಣ್ಣಾ, ಅಲ್ಲಿ ಯಾರು ನೋಡ್ಯಾರ?” ಎಂದ ಬಸವಂತ.

ಪಕ್ಕದಲ್ಲೇ ಇದ್ದ ಅರ್ಪಿತಾ ನಕ್ಕಳು. ಇಲ್ಲಿಯವರಂತೆ ಅಪ್ಪನನ್ನು ‘ನಾನ್ನಾ’ ಎನ್ನುತ್ತಾಳೆ. “ನಾನ್ನಾ, ಪಂಜು ಹಿಡದವ್ರು ಮುಂದ, ದೇಸಾಯರು ಹಿಂದ. ಅದನ್ನ ಹೇಳ್ರಿ.”

ನಕ್ಕಳೇನೋ ನಿಜ, ಆದರೆ ಆ ಹುಡುಗನನ್ನು ಅವಳು ಎಷ್ಟು ಮೆಚ್ಚಿದ್ದಾಳೆಂದು ನನಗೆ ಗೊತ್ತು. ನಿಜ ಹೇಳಿದರೆ ಮಾತು ಅಲ್ಲಿಗೇ ನಿಲ್ಲಬಹುದು. ಸುಳ್ಳು ಹೇಳಿದರೆ ಆ ಮನೆಯಲ್ಲಿ ಅದನ್ನು ಕಾಪಾಡಿಕೊಂಡು ಬಾಳಬೇಕಾದವಳು ಅವಳು, ನಾನಲ್ಲ. ನಿಜವನ್ನೇ ಹೇಳುವುದು. ಆಮೇಲೆ ಅನಸೂಯಮ್ಮನವರ ಮುಖ ಹೇಗಾಗುತ್ತದೋ, ಅದನ್ನು ಅರ್ಪಿತಾ ನೋಡಬಾರದು ಅನಿಸುತ್ತದೆ. ಆದರೆ ಅವಳೂ ಬರುತ್ತಾಳೆ.

ಭಾನುವಾರ ಹನ್ನೊಂದಕ್ಕೆ ವಿಜಯವಾಡದ ಪಟಮಟದಲ್ಲಿರುವ ಅವರ ಮನೆಗೆ.