ಸತ್ತವನು ಏಳಬಾರದು

ನಾರಪ್ಪಾ,

ಇಂದು ಮಧ್ಯಾಹ್ನ ಸೇಲಂನ ನಮ್ಮ ತಗಡಿನ ನಾಟಕಶಾಲೆಯಲ್ಲಿ ಹೊಸ ನಾಟಕವಿತ್ತು. ಪತ್ರಿಕೆಗೆ ವಿಮರ್ಶೆ ಬರೆಯಲು ಕೂತವನು ನಿನಗೆ ಈ ಕಾಗದ ಬರೆಯುತ್ತಿದ್ದೇನೆ.

ರಾಜನ ಪಾತ್ರದ ಮಾರಿಯಪ್ಪ ಹಾಡುತ್ತ ಹಾಡುತ್ತ ಸತ್ತುಬಿದ್ದ. ಜನ "ಒನ್ಸ್ ಮೋರ್" ಎಂದು ಕೂಗಿದರು. ನೀನಾಗಿದ್ದರೆ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದೆ. ಅವನು ಅಲುಗಲಿಲ್ಲ. ಇದೇ ರಂಗದ ಮೇಲೆ ನಿನ್ನ ಜೀವ ನಿಜವಾಗಿ ಹೋದದ್ದು ನೆನಪಾಗಿ, ಓಡಿಹೋಗಿ ಅವನ ಮೂಗಿನ ಹತ್ತಿರ ಕೈಯಿಟ್ಟೆ.

"ಕೆಳಿಕ್ಕೆ ಓಗಿ ಅಣ್ಣಾ," ಎಂದು ಕಣ್ಣು ತೆರೆಯದೆ ಪಿಸುಗುಟ್ಟಿದ. "ಸತ್ತೋನು ಏಳ್ಬಾರ್ದು ಅಂತ ಪೇಪರ್‌ನಾಗೆ ನೀವೇ ಬರ್ದಿದ್ರಲ್ಲ!"

ಅದನ್ನು ನಿನಗೆಂದು ಬರೆದಿದ್ದೆ. ನೀನು ಎಂದೂ ಕೇಳಲಿಲ್ಲ. ಆ ದಿನ ಜನ ಎಷ್ಟು ಕೂಗಿದರೂ ನೀನು ಏಳದಿದ್ದಾಗ, ಕೊನೆಗೂ ನನ್ನ ಮಾತು ಕೇಳಿದೆಯೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದವನು ನಾನು.