ನಿಧಾನವಾಗಿ ಸೈಕಲ್ ತುಳಿಯುವವಳು

ವಸಂತ್ ಕುಂಜ್, ದೆಹಲಿ
೧೮ ನವೆಂಬರ್ ೨೦೨೪

ಪ್ರೀತಿಯ ಧಾರಿಣಿ,

ಹೇಗಿದ್ದೀಯ? ನಿನ್ನ ಮೊಮ್ಮಗಳ ನಾಮಕರಣಕ್ಕೆ ಬರಲಾಗಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ಬೈದುಕೋ, ಆದರೆ ಪೂರ್ತಿ ಓದು. ನಮ್ಮ ಯಜಮಾನರನ್ನು ಬಿಟ್ಟು ಹೊರಡುವ ಹಾಗಿಲ್ಲ. ಮರೆವು ಹೆಚ್ಚುತ್ತಿದೆ. ಇದು ಇಳಿಯುವ ಕಾಯಿಲೆಯಲ್ಲ ಅಂದರು ಡಾಕ್ಟರು.

ಒಂದು ಸುಖದ ಸುದ್ದಿಯೂ ಇದೆ. ಮಗಳು ಅನನ್ಯಾ ನನಗೆ ಸೈಕಲ್ ಕೊಡಿಸಿದ್ದಾಳೆ. "ಅಮ್ಮಾ, ರೇಸ್ ಥೋಡೀ ಹೈ, ಪಂದ್ಯವೇನಲ್ಲವಲ್ಲ, ಆರಾಮ್ ಸೆ ತುಳಿ" ಅಂದಳು. ಬೆಳಿಗ್ಗೆ ಇವರನ್ನು ಮನೆಯೆದುರಿನ ಪಾರ್ಕಿನ ಬೆಂಚಿನಲ್ಲಿ ಕೂರಿಸಿ, ಕಣ್ಣಳತೆಯಲ್ಲೇ ಸುತ್ತು ಹಾಕುತ್ತೇನೆ. ನಡೆಯುವವರೇ ನನ್ನನ್ನು ದಾಟಿ ಹೋಗುತ್ತಾರೆ. ಅಷ್ಟು ನಿಧಾನವಾಗಿ ಹೋದರೆ ಯಾರ ಮನೆಯಲ್ಲಿ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಾರೆ ಅನ್ನುವುದೂ ಕೇಳಿಸುತ್ತದೆ. ಟೈರಿನಡಿ ಒಣ ಬೇವಿನೆಲೆ ಮುರಿಯುತ್ತದೆ. ಜನ್ಮವೆಲ್ಲ ಡಬ್ಬಿ ಕಟ್ಟಿ ಆಫೀಸಿನ ಬಸ್ಸಿಗೆ ಓಡಿದವಳು ನಾನು. ಈಗ ಪೆಡಲ್ ಒಂದು ಸಲ ತಿರುಗುವಷ್ಟರಲ್ಲಿ ಉಸಿರು ಒಳಗೆ ಹೋಗಿ ಹೊರಗೆ ಬರುವುದನ್ನು ಗಮನಿಸುತ್ತೇನೆ.

ಹೋದ ವಾರ ಹೊಗೆ ದಟ್ಟವಾಯಿತು. ಹೆಲ್ಮೆಟ್ ಜೊತೆಗೆ ಮಾಸ್ಕನ್ನೂ ಹಾಕಿಕೊಂಡೆ. ಬೆಂಚಿನ ಹತ್ತಿರ ನಿಲ್ಲಿಸಿ "ಚಳಿ ಆಗ್ತಿದೆಯಾ?" ಅಂತ ಕೇಳಿದೆ.

ಇವರ ಮುಖ ಅರಳಿತು. "ಅಚ್ಛಾ, ನೀವು ಕನ್ನಡದವರಾ?" ಅಂದರು.

ತಮಾಷೆ ಅಂದುಕೊಂಡೆ. ಅಲ್ಲ. ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.

"ನೀವು ನಿಧಾನವಾಗಿ ಬರೋದು ನೋಡಿದರೆ ಮನಸ್ಸಿಗೆ ಹಿತ. ನನ್ನ ಹೆಂಡತಿಗೆ ಎಲ್ಲದಕ್ಕೂ ಅವಸರ. ಅಪ್ಪ ಮಾತು ಕೊಟ್ಟಿದ್ದರು, ಕಟ್ಟಿಕೊಂಡೆ. ಒಂದು ದಿನವೂ ಅವಳು ಇಷ್ಟವಾಗಲಿಲ್ಲ. ಅವಳಿಗೆ ಹೇಳಬೇಡಿ, ಪಾಪ."

"ಹೇಳಲ್ಲ" ಅಂದೆ.

ಇನ್ನೊಂದು ಸುತ್ತು ಹಾಕಿ, ಮಾಸ್ಕ್ ತೆಗೆದು, ಮನೆಗೆ ಕರೆದೊಯ್ಯಲು ಬಂದೆ. ಮುಖ ಗಂಟಿಕ್ಕಿಕೊಂಡು ಎದ್ದರು.

ಮರುದಿನ ಮಾಸ್ಕ್ ಹಾಕಬಾರದು ಅಂದುಕೊಂಡೆ. ಹಾಕಿದೆ. ದಿನವೂ ಹಾಕುತ್ತಿದ್ದೇನೆ. ಮದುವೆಯಾದಾಗಿನಿಂದ ಇವರು ನನ್ನ ಜೊತೆ ಇಷ್ಟು ಮೆತ್ತಗೆ ಮಾತಾಡಿದವರಲ್ಲ, ಧಾರಿಣಿ. ನಿನ್ನೆ ಆ ಹೆಂಗಸಿಗಾಗಿ ಒಂದು ಚೆಂಡುಹೂ ಕಿತ್ತಿಟ್ಟುಕೊಂಡಿದ್ದರು.

ಕೂಸು ನೂರು ಕಾಲ ಬಾಳಲಿ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬಿಡಬೇಡ.

ನಿನ್ನ
ವೈಜಯಂತಿ

ಮ.ವಿ.: ಮರೆವಿನ ಮನುಷ್ಯ, ಏನೋ ಬಡಬಡಿಸಿದ್ದಾರೆ ಅಂತ ನೀನು ಸಮಾಧಾನ ಹೇಳುತ್ತೀಯ. ನನಗೂ ಆ ಆಸೆಯಿತ್ತು. ಅದಕ್ಕೇ ಇವತ್ತು ಬೆಂಚಿನಲ್ಲಿ ಕೂತು, ನಿಮ್ಮ ಹೆಂಡತಿಯ ಹೆಸರೇನು ಅಂತ ಕೇಳಿದೆ. ಮಗಳ ಹೆಸರಿಗೂ ತಡವರಿಸುವವರು, ತಟ್ಟನೆ "ವೈಜಯಂತಿ" ಅಂದರು. ಆಮೇಲೆ ನನ್ನ ಹೆಸರು ಕೇಳಿದರು. ಬಾಯಿಗೆ ಬಂದದ್ದು ನಿನ್ನ ಹೆಸರು. ಚೆಂದದ ಹೆಸರು ಅಂದರು.